ಶಿಕ್ಷಕರಿಗೆ ಶಿಕ್ಷಕರಾದ ಸಂತ ಡಿ ಲಾ ಸಾಲ್

ಏಪ್ರಿಲ್ ತಿಂಗಳೆಂದರೆ ನಮ್ಮ ಮನೆಗಳಲ್ಲಿ ಫಲಿತಾಂಶದ ತಿಂಗಳು. ಮಗು ಎಷ್ಟು ಅಂಕ ಪಡೆಯಿತು, ಮುಂದಿನ ತರಗತಿಗೆ ಹೋಯಿತೇ ಇಲ್ಲವೇ ಎಂಬ ಮಾತು ಊಟದ ಹೊತ್ತಿನಲ್ಲಿಯೂ ನಿಲ್ಲುವುದಿಲ್ಲ. ಶಾಲೆಗಳಲ್ಲಿ ಶಿಕ್ಷಕ ಶಿಕ್ಷಕಿಯರಿಗೆ ಬೇರೊಂದು ಭಾರ. ವರ್ಷದಿಂದ ವರ್ಷಕ್ಕೆ ಬದಲಾಗುವ ಮೌಲ್ಯಮಾಪನದ ಕ್ರಮಗಳು, ತುಂಬಬೇಕಾದ ದಾಖಲೆಗಳು, ಮೇಲಿನವರಿಗೆ ಕೊಡಬೇಕಾದ ವಿವರಣೆಗಳು ಅವರನ್ನು ದಣಿಸುತ್ತವೆ. ಇದೇ ತಿಂಗಳ 7ರಂದು ಧರ್ಮಸಭೆಯು ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್‌ರವರ ಸ್ಮರಣೆಯನ್ನು ಆಚರಿಸುತ್ತದೆ. ಮೂರು ಶತಮಾನಗಳಿಗೂ ಹಿಂದೆ, ಫ್ರಾನ್ಸ್ ದೇಶದ ಬಡ ಮಕ್ಕಳ ಶಾಲೆಗಳಲ್ಲಿ, ತರಗತಿಯ ಕ್ರಮವನ್ನೂ ಮಕ್ಕಳ ಪ್ರಗತಿಯ ಅಳತೆಯನ್ನೂ ಶಿಕ್ಷಕರ ಉತ್ತರದಾಯಿತ್ವವನ್ನೂ ಹೊಸದಾಗಿ ರೂಪಿಸಿ, ಅದಕ್ಕೆ ಒಗ್ಗದಿದ್ದ ಶಿಕ್ಷಕರನ್ನು ಕೈಹಿಡಿದು ನಡೆಸಿದವರು ಅವರು. ಅವರ ಜೀವನವನ್ನು ಈ ವಾರ ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಸಿರಿವಂತರ ಮನೆಯ ಹಿರಿಯ ಮಗ

ಫ್ರಾನ್ಸಿನ ಶಾಂಪೇನ್ ಪ್ರಾಂತದ ರೀಮ್ಸ್ ಪಟ್ಟಣದಲ್ಲಿ 1651ರ ಏಪ್ರಿಲ್ 30ರಂದು ಡಿ ಲಾ ಸಾಲ್ ಜನಿಸಿದರು. ತಂದೆ ಲೂಯಿ ರಾಜ ನ್ಯಾಯಾಲಯದಲ್ಲಿ ಸಲಹೆಗಾರರು. ತಾಯಿ ನಿಕೋಲ್ ಮೊಯೆ ಕುಲೀನ ಮನೆತನದವರು. ಮಕ್ಕಳಲ್ಲಿ ಇವರೇ ಹಿರಿಯರು. ಹದಿನೈದು ತುಂಬಿದ ಕೆಲವೇ ತಿಂಗಳಲ್ಲಿ, 1667ರ ಜನವರಿಯಲ್ಲಿ, ಇವರು ರೀಮ್ಸ್ ಪ್ರಧಾನಾಲಯದ ಕ್ಯಾನನ್ ಪದವಿಗೆ ಏರಿದರು. ಪ್ರಧಾನಾಲಯದ ಆರಾಧನೆಗೆ ನಿಯುಕ್ತರಾದ ಗುರುವರ್ಗದ ಮಂಡಳಿಯಲ್ಲಿ ಅದೊಂದು ಗೌರವದ ಸ್ಥಾನ. ಜೀವನಪೂರ್ತಿ ನಿಶ್ಚಿತ ಆದಾಯವೂ ಅದರೊಡನೆ ಬರುತ್ತಿತ್ತು.

1670ರಲ್ಲಿ ಅವರು ಪ್ಯಾರಿಸಿನ ಸಂತ ಸುಲ್ಪೀಸ್ ಗುರುಮಠವನ್ನು ಸೇರಿದರು. ಆದರೆ 1671ರ ಜುಲೈಯಲ್ಲಿ ತಾಯಿಯೂ, ಒಂಬತ್ತು ತಿಂಗಳ ತರುವಾಯ ತಂದೆಯೂ ತೀರಿಕೊಂಡರು. ಇಪ್ಪತ್ತೊಂದು ವರ್ಷವೂ ತುಂಬದ ಯುವಕನ ಹೆಗಲಿಗೆ ತಮ್ಮ ತಂಗಿಯರ ಹೊಣೆ, ಆಸ್ತಿಯ ಹೊಣೆ ಎರಡೂ ಬಿದ್ದವು. ಊರಿಗೆ ಮರಳಿ ಮನೆಯನ್ನು ನಡೆಸುತ್ತಲೇ ಓದನ್ನು ಮುಂದುವರಿಸಿ, 1678ರ ಏಪ್ರಿಲ್ 9ರಂದು, ಪಾಸ್ಖ ಹಬ್ಬದ ಮುನ್ನಾದಿನ, ಅವರು ಗುರುದೀಕ್ಷೆ ಪಡೆದರು. 1680ರಲ್ಲಿ ದೈವಶಾಸ್ತ್ರದ ಡಾಕ್ಟರ್ ಪದವಿಯೂ ದೊರೆಯಿತು. ಇಂಥವರು ಮುಂದೆ ಧರ್ಮಾಧ್ಯಕ್ಷರಾಗುವರೆಂದು ಊರವರು ನಿರೀಕ್ಷಿಸಿದ್ದರೆ ಅದು ಸಹಜವೇ ಆಗಿತ್ತು. ಬಡವರ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ಅವರ ಯೋಚನೆಯಲ್ಲಿಯೇ ಇರಲಿಲ್ಲ.

ತಾನಾಗಿ ಬಂದ ಹೊಣೆ

1679ರ ಮಾರ್ಚ್ ತಿಂಗಳಲ್ಲಿ ರುವಾನ್ ಪಟ್ಟಣದಿಂದ ಅದ್ರಿಯಾನ್ ನಿಯೆಲ್ ಎಂಬ ಶ್ರೀಸಾಮಾನ್ಯ ವಿಶ್ವಾಸಿ ರೀಮ್ಸ್‌ಗೆ ಬಂದರು. ಬಡ ಗಂಡುಮಕ್ಕಳಿಗೆ ಉಚಿತ ಶಾಲೆ ತೆರೆಯುವುದು ಅವರ ಉದ್ದೇಶ. ಡಿ ಲಾ ಸಾಲ್ ಅವರಿಗೆ ತಮ್ಮ ಮನೆಯಲ್ಲಿ ಆಶ್ರಯವಿತ್ತು, ಸಲಹೆ ನೀಡಿ, ಸಂತ ಮೌರಿಸ್ ಧರ್ಮಕೇಂದ್ರದಲ್ಲಿ ಅದೇ ಏಪ್ರಿಲ್‌ನಲ್ಲಿ ಶಾಲೆ ಆರಂಭವಾಗುವಂತೆ ಮಾಡಿದರು. ಅಲ್ಲಿಗೆ ತಮ್ಮ ಕೆಲಸ ಮುಗಿಯಿತೆಂದು ಭಾವಿಸಿದರು.

ಆದರೆ ಮುಗಿಯಲಿಲ್ಲ. ನಿಯೆಲ್ ಶಾಲೆ ತೆರೆಯುವುದರಲ್ಲಿ ನಿಪುಣರು. ತೆರೆದ ಶಾಲೆಯನ್ನು ದಿನದಿನವೂ ನಡೆಸುವ ತಾಳ್ಮೆ ಅವರಲ್ಲಿ ಕಡಿಮೆ. ಒಂದು ಶಾಲೆ ನಿಂತೊಡನೆ ಮತ್ತೊಂದು ಊರಿಗೆ ಹೊರಡುವರು. ಉಳಿದ ಶಿಕ್ಷಕರು ಅಲ್ಪ ಓದಿನವರು, ತರಬೇತಿಯಿಲ್ಲದವರು, ಬೇರೆ ಉದ್ಯೋಗ ಸಿಗುವವರೆಗೆ ಪಾಠ ಹೇಳಲು ಬಂದವರು. ಒಬ್ಬೊಬ್ಬರೂ ತಮಗೆ ತೋಚಿದಂತೆ ಕಲಿಸುತ್ತಿದ್ದರು. ಅಂದಿನ ಸಣ್ಣ ಶಾಲೆಗಳ ಸಾಮಾನ್ಯ ಪದ್ಧತಿಯಲ್ಲಿ ಶಿಕ್ಷಕನು ಒಂದೊಂದೇ ಮಗುವನ್ನು ಬಳಿಗೆ ಕರೆದು ಕೆಲವು ನಿಮಿಷ ಓದಿಸುವನು. ಉಳಿದವರು ಅಷ್ಟು ಹೊತ್ತು ಗದ್ದಲ ಮಾಡುತ್ತ ಕುಳಿತಿರುವರು. ಗದ್ದಲ ಅಡಗಿಸಲು ಬೆತ್ತ. ಹೀಗೆ ವರ್ಷಗಳು ಕಳೆದರೂ ಬಡವನ ಮಗನಿಗೆ ಓದು ಹತ್ತುತ್ತಿರಲಿಲ್ಲ.

ಈ ಶಿಕ್ಷಕರನ್ನು ತಿದ್ದದೆ ಶಾಲೆ ತಿದ್ದದೆಂದು ಡಿ ಲಾ ಸಾಲ್‌ರಿಗೆ ಮನವರಿಕೆಯಾಯಿತು. ಮೊದಲು ತಮ್ಮ ಮನೆಯ ಸಮೀಪದಲ್ಲಿ ಅವರಿಗೊಂದು ಮನೆ ಹಿಡಿದುಕೊಟ್ಟರು. ಮುಂದೆ ತಮ್ಮ ಊಟದ ಮೇಜಿಗೆ ಕರೆದರು. 1681ರ ಜೂನ್ 24ರಂದು ತಮ್ಮ ಮನೆಗೇ ಕರೆತಂದು ಇರಿಸಿಕೊಂಡರು. ಇದು ಅವರಿಗೆ ಸುಲಭವಾಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ಆ ಶಿಕ್ಷಕರನ್ನು ತಮ್ಮ ಮನೆಯ ಆಳಿಗಿಂತ ಕೆಳಗಿನವರೆಂದು ತಾವು ಎಣಿಸಿದ್ದುದಾಗಿಯೂ, ಅವರೊಡನೆ ಬಾಳಬೇಕಾದೀತೆಂದು ಮೊದಲೇ ತಿಳಿದಿದ್ದರೆ ಈ ಕೆಲಸಕ್ಕೆ ಕೈಹಾಕುತ್ತಲೇ ಇರಲಿಲ್ಲವೆಂದೂ ಅವರು ತರುವಾಯ ಬರೆದಿಟ್ಟಿದ್ದಾರೆ. ಬಂಧುಗಳು ಸಿಡಿದೆದ್ದರು. ಕುಲೀನ ಮನೆಯಲ್ಲಿ ಕೀಳು ವೃತ್ತಿಯವರು ಮಕ್ಕಳ ಜೊತೆ ಕುಳಿತು ಉಣ್ಣುವುದೇ ಎಂದು ಕೋಪಗೊಂಡು, ಅವರ ಆಶ್ರಯದಲ್ಲಿದ್ದ ತಮ್ಮಂದಿರನ್ನು ಬೇರೆಡೆಗೆ ಕರೆದೊಯ್ಯುವ ಏರ್ಪಾಡು ಮಾಡಿದರು. ಮರುವರ್ಷ ಜೂನ್‌ನಲ್ಲಿ ಡಿ ಲಾ ಸಾಲ್ ತಾವೇ ಪಿತ್ರಾರ್ಜಿತ ಮನೆಯನ್ನು ತೊರೆದು, ಶಿಕ್ಷಕರೊಡನೆ ಬಡವರ ಕೇರಿಯ ಬಾಡಿಗೆ ಮನೆಗೆ ಹೋದರು.

ಶಿಕ್ಷಕರು ಕೇಳಿದ ಪ್ರಶ್ನೆ

ಮನೆಯಲ್ಲಿ ಹೊಸ ಶಿಸ್ತು ಬಂದಿತು. ಏಳುವ ಹೊತ್ತು, ಪ್ರಾರ್ಥನೆಯ ಹೊತ್ತು, ಪಾಠದ ಸಿದ್ಧತೆಯ ಹೊತ್ತು ಎಲ್ಲವೂ ಗೊತ್ತಾಗಿ ನಿಗದಿಯಾದವು. ಮೊದಲ ಶಿಕ್ಷಕರಲ್ಲಿ ಬಹುಮಂದಿ ಇದನ್ನು ತಾಳಲಾರದೆ ಕೆಲವೇ ತಿಂಗಳಲ್ಲಿ ಹೊರಟುಹೋದರು. ಅವರ ಸ್ಥಾನಕ್ಕೆ ಹೆಚ್ಚು ಯೋಗ್ಯರಾದ ಕೆಲವರು ಬಂದರು. ಆದರೆ ಅವರನ್ನೂ ಒಂದು ಭಯ ಕಾಡುತ್ತಿತ್ತು. ಉಚಿತ ಶಾಲೆಯನ್ನು ನಂಬಿ ಯೌವನವನ್ನು ಸವೆಸಿದ ಮೇಲೆ, ಶಾಲೆ ಮುಚ್ಚಿದರೆ ನಮ್ಮ ಗತಿಯೇನು? ಮುಪ್ಪಿನಲ್ಲಿ ಅನ್ನ ಹಾಕುವವರು ಯಾರು?

ದೈವಾನುಗ್ರಹದಲ್ಲಿ ಭರವಸೆಯಿಡಬೇಕೆಂದು ಡಿ ಲಾ ಸಾಲ್ ಅವರಿಗೆ ಬೋಧಿಸಿದರು. ಹೊಲದ ಹೂಗಳನ್ನೂ ಆಕಾಶದ ಹಕ್ಕಿಗಳನ್ನೂ ಸಲಹುವ ದೇವರನ್ನು ನೆನಪಿಸಿದರು. ಶಿಕ್ಷಕರು ಇದಕ್ಕೆ ನೇರವಾದ ಉತ್ತರವನ್ನೇ ಕೊಟ್ಟರು. ಈ ಮಾತು ತಮ್ಮ ಬಾಯಲ್ಲಿ ಸುಲಭ, ಏಕೆಂದರೆ ತಮಗೆ ಆಸ್ತಿಯಿದೆ, ಕ್ಯಾನನ್ ಪದವಿಯ ಆದಾಯವಿದೆ, ಶಾಲೆ ಬಿದ್ದರೂ ತಾವು ಬೀಳುವುದಿಲ್ಲ, ಬೀದಿಗೆ ಬೀಳುವವರು ನಾವು ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು.

ಇಡೀ ಜೀವನಚರಿತ್ರೆಯಲ್ಲಿ ಇದೇ ತಿರುವಿನ ಗಳಿಗೆಯೆಂದು ನಾವು ತಿಳಿಯುತ್ತೇವೆ. ಅಧಿಕಾರದಲ್ಲಿದ್ದವರು ಇಂಥ ಮಾತನ್ನು ಉದ್ಧಟತನವೆಂದು ತಳ್ಳಿಹಾಕುವುದು ರೂಢಿ. ಡಿ ಲಾ ಸಾಲ್ ಅದರಲ್ಲಿ ಸತ್ಯವಿದೆಯೆಂದು ಕಂಡರು. ತನಗೆ ತಗಲದ ಕಷ್ಟವನ್ನು ಇನ್ನೊಬ್ಬನಿಗೆ ವಿಧಿಸುವವನ ಮಾತಿಗೆ ತರ್ಕದ ಬಲವಿರಬಹುದು, ನೈತಿಕ ಬಲವಿರುವುದಿಲ್ಲ. ಪ್ಯಾರಿಸಿನಲ್ಲಿದ್ದ ಪೂಜ್ಯ ನಿಕೋಲಾ ಬಾರೆ ಎಂಬ ಸನ್ಯಾಸಿ ಗುರುವಿನ ಸಲಹೆಯೂ ಸರ್ವತ್ಯಾಗವೇ ಆಗಿತ್ತು. 1683ರಲ್ಲಿ ಡಿ ಲಾ ಸಾಲ್ ಕ್ಯಾನನ್ ಪದವಿಗೆ ರಾಜೀನಾಮೆಯಿತ್ತು, ಬಂಧುಗಳು ಬಯಸಿದಂತೆ ಸ್ವಂತ ತಮ್ಮನಿಗೆ ಕೊಡಿಸದೆ, ಒಬ್ಬ ಬಡ ಗುರುವಿಗೆ ಅದನ್ನು ಬಿಟ್ಟುಕೊಟ್ಟರು. ಅದರ ಬೆನ್ನಿಗೇ ಬಂದ ಕ್ಷಾಮದಲ್ಲಿ ತಮ್ಮ ಪಾಲಿನ ಸಂಪತ್ತನ್ನು ರೊಟ್ಟಿಯಾಗಿ ಹಸಿದವರಿಗೆ ಹಂಚಿ ಮುಗಿಸಿದರು. ಆ ಹಣವನ್ನು ಶಾಲೆಗಳ ನಿಧಿಯಾಗಿ ಇಡಬಹುದಿತ್ತಲ್ಲ ಎಂದು ಕೇಳುವವರುಂಟು. ಆದರೆ ಅಂದು ಶಿಕ್ಷಕರಿಗೆ ಬೇಕಾಗಿದ್ದುದು ನಿಧಿಗಿಂತ ಹೆಚ್ಚಾಗಿ, ತಮ್ಮಂತೆಯೇ ಬರಿಗೈಯಲ್ಲಿ ನಿಂತು ತಮ್ಮನ್ನು ನಡೆಸುವ ಒಬ್ಬ ನಾಯಕ.

ಅನಂತರ ಅವರು ಹೇಳಿದ್ದನ್ನು ಶಿಕ್ಷಕರು ಕೇಳಿದರು. ತಮ್ಮನ್ನು ಸೋದರರೆಂದು ಕರೆದುಕೊಂಡು, ಒರಟು ಬಟ್ಟೆಯ ಕಪ್ಪು ನಿಲುವಂಗಿಯನ್ನು ತೊಟ್ಟು, 1686ರಲ್ಲಿ ವಿಧೇಯತೆಯ ವ್ರತ ಕೈಗೊಂಡರು. ಕ್ರೈಸ್ತ ಶಾಲೆಗಳ ಸೋದರರ ಸಂಸ್ಥೆ ಹೀಗೆ ಮೊಳೆಯಿತು. ಹಳ್ಳಿಯ ಶಾಲೆಗಳಿಗೆ ಶಿಕ್ಷಕರನ್ನು ಸಿದ್ಧಪಡಿಸಲು ರೀಮ್ಸ್‌ನಲ್ಲಿ ಅವರು ಆರಂಭಿಸಿದ ತರಬೇತಿ ಮನೆಯು ಯೂರೋಪಿನ ಮೊತ್ತಮೊದಲ ಶಿಕ್ಷಕ ತರಬೇತಿ ಶಾಲೆಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ.

ತರಗತಿಗೆ ಬಂದ ಹೊಸ ಕ್ರಮ

1688ರಲ್ಲಿ ಡಿ ಲಾ ಸಾಲ್ ಇಬ್ಬರು ಸೋದರರೊಡನೆ ಪ್ಯಾರಿಸಿಗೆ ಹೋಗಿ ಸಂತ ಸುಲ್ಪೀಸ್ ಧರ್ಮಕೇಂದ್ರದ ಶಾಲೆಯನ್ನು ವಹಿಸಿಕೊಂಡರು. ಮುಂದಿನ ವರ್ಷಗಳಲ್ಲಿ ಹಲವು ಪಟ್ಟಣಗಳಲ್ಲಿ ಶಾಲೆಗಳು ತೆರೆದವು. ಈ ಎಲ್ಲ ಶಾಲೆಗಳಲ್ಲಿ ಆದ ಬದಲಾವಣೆಗಳ ವಿವರ ಅವರ 'ಕ್ರೈಸ್ತ ಶಾಲೆಗಳ ನಿರ್ವಹಣೆ' ಎಂಬ ಗ್ರಂಥದಲ್ಲಿದೆ. 1706ರ ಹೊತ್ತಿಗೆ ಕೈಬರಹದಲ್ಲಿ ಸೋದರರ ನಡುವೆ ಬಳಕೆಯಲ್ಲಿದ್ದ ಈ ಗ್ರಂಥ, ಅವರ ನಿಧನಾನಂತರ 1720ರಲ್ಲಿ ಆವಿನ್ಯೋನ್ ನಗರದಲ್ಲಿ ಮುದ್ರಣಗೊಂಡಿತು.

ಆ ಗ್ರಂಥ ಹುಟ್ಟಿದ ಬಗೆಯೇ ಗಮನಾರ್ಹ. ಡಿ ಲಾ ಸಾಲ್ ದೈವಶಾಸ್ತ್ರದ ಡಾಕ್ಟರರು. ಕೊಠಡಿಯಲ್ಲಿ ಕುಳಿತು ನಿಯಮಗಳನ್ನು ಬರೆದು ಕಳುಹಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ತರಗತಿಯಲ್ಲಿ ವರ್ಷಗಟ್ಟಲೆ ನಿಂತ ಅನುಭವಿ ಸೋದರರನ್ನು ಕೂಡಿಸಿ ಮತ್ತೆ ಮತ್ತೆ ಸಮಾಲೋಚಿಸಿದರು. ಒಂದು ಕ್ರಮವನ್ನು ಶಾಲೆಗಳಲ್ಲಿ ಆಚರಿಸಿ ನೋಡಿ, ಅದರ ಅನುಕೂಲ ಅನನುಕೂಲಗಳನ್ನು ತೂಗಿ, ನಿಂತದ್ದನ್ನು ಮಾತ್ರ ಬರೆಹಕ್ಕೆ ಇಳಿಸಿದರು. ಆದುದರಿಂದ ಶಿಕ್ಷಕರಿಗೆ ಆ ನಿಯಮಗಳು ಹೊರಗಿನಿಂದ ಬಂದ ಆಜ್ಞೆಗಳೆನಿಸದೆ, ತಾವೇ ಸೇರಿ ಕಟ್ಟಿದ ಮನೆಯೆನಿಸಿದವು.

ಕ್ರಮದ ಮುಖ್ಯಾಂಶಗಳನ್ನು ನೋಡೋಣ. ಮೊದಲನೆಯದಾಗಿ, ಒಂದೇ ಪಾಠದ ಮಕ್ಕಳೆಲ್ಲರೂ ಒಟ್ಟಿಗೆ ಕಲಿಯಬೇಕು. ಒಬ್ಬನು ಗಟ್ಟಿಯಾಗಿ ಓದುವಾಗ ಉಳಿದವರು ತಮ್ಮ ಕೈಯಲ್ಲಿನ ಅದೇ ಪುಸ್ತಕದಲ್ಲಿ ಕಣ್ಣಿಟ್ಟು ಮನಸ್ಸಿನಲ್ಲಿ ಓದಿಕೊಳ್ಳಬೇಕು. ಈ ಸಾಮೂಹಿಕ ಪಾಠವನ್ನು ಮೊದಲು ಕಂಡವರು ಡಿ ಲಾ ಸಾಲ್ ಒಬ್ಬರೇ ಅಲ್ಲ. ಲಿಯೋನ್ ನಗರದ ಶಾರ್ಲ್ ದೆಮಿಯಾ ಮುಂತಾದವರೂ ಆ ದಾರಿಯಲ್ಲಿದ್ದರು. ಅದನ್ನು ಹತ್ತಾರು ಶಾಲೆಗಳಲ್ಲಿ ಏಕರೀತಿಯಾಗಿ ನೆಲೆಗೊಳಿಸಿದ ಕೀರ್ತಿ ಇವರದು. ಎರಡನೆಯದಾಗಿ, ಓದಿನ ಪಾಠ ಲ್ಯಾಟಿನ್‌ನಲ್ಲಿ ಆರಂಭವಾಗದೆ ಮಕ್ಕಳಾಡುವ ಫ್ರೆಂಚ್ ಭಾಷೆಯಲ್ಲಿ ಆರಂಭವಾಗಬೇಕು. ಶಾರ್ತ್ರ್ ನಗರದ ಧರ್ಮಾಧ್ಯಕ್ಷರು ಹಳೆಯ ಪದ್ಧತಿಗೆ ಮರಳುವಂತೆ ಒತ್ತಾಯಿಸಿದಾಗ ಡಿ ಲಾ ಸಾಲ್ ವಿನಯದಿಂದಲೇ ತಮ್ಮ ಕಾರಣಗಳನ್ನು ಒಂದೊಂದಾಗಿ ಬರೆದು ಒಪ್ಪಿಸಿದರು. ಕೆಲವೇ ವರ್ಷ ಶಾಲೆಗೆ ಬಂದು ದುಡಿಮೆಗೆ ಹೋಗುವ ಬಡವನ ಮಗನಿಗೆ ಅರ್ಥವಾಗದ ಲ್ಯಾಟಿನ್ ಅಕ್ಷರಗಳಿಂದ ಪ್ರಯೋಜನವಿಲ್ಲ. ಮಾತೃಭಾಷೆಯನ್ನು ಓದಬಲ್ಲವನು ಧರ್ಮೋಪದೇಶವನ್ನೂ ಓದಬಲ್ಲ, ತನ್ನ ವ್ಯವಹಾರವನ್ನೂ ನಡೆಸಬಲ್ಲ. ಓದಿನ ಕೊನೆಯ ಹಂತದಲ್ಲಿ ಕೈಬರಹದ ಪತ್ರಗಳನ್ನೂ ದಾಖಲೆಗಳನ್ನೂ ಓದಿಸುತ್ತಿದ್ದುದು ಇದೇ ಉದ್ದೇಶದಿಂದ.

ಮೂರನೆಯದು ಮೌನ. ಶಿಕ್ಷಕನು ಆದಷ್ಟು ಕಡಿಮೆ ಮಾತನಾಡಬೇಕೆಂಬುದು ಅಂದಿನವರಿಗೆ ವಿಚಿತ್ರವೆನಿಸಿತು. ಕೈಯಲ್ಲೊಂದು ಸಣ್ಣ ಸಂಜ್ಞಾ ಸಾಧನ. ಅದರ ಟಕ್ ಎಂಬ ಸದ್ದಿಗೆ ಓದುವವನು ನಿಲ್ಲುವನು, ತಪ್ಪನ್ನು ತಿದ್ದಿ ಮತ್ತೆ ಓದುವನು. ತಿದ್ದಲಾರದಿದ್ದರೆ ಇನ್ನೊಬ್ಬ ಬಾಲಕನು ತಿದ್ದುವನು. ಹೀಗೆ ತರಗತಿಯಲ್ಲಿ ಮಾತಿನ ಹೆಚ್ಚಿನ ಪಾಲು ಕಲಿಯುವವನದಾಯಿತು. ಹೊಸ ಶಿಕ್ಷಕನಲ್ಲಿ ಕಿತ್ತುಹಾಕಬೇಕಾದ ದೋಷಗಳ ಪಟ್ಟಿಯಲ್ಲಿ ಮೊದಲನೆಯದೇ ಮಾತಿನ ಚಪಲ. ಮುಂಗೋಪ, ಒರಟುತನ, ಪಕ್ಷಪಾತ, ಬೇಗನೆ ಧೈರ್ಯಗೆಡುವುದು ಇವೂ ಅದರಲ್ಲಿವೆ.

ಹಂತ, ಪರೀಕ್ಷೆ, ದಾಖಲೆ

ಇನ್ನು ಮಕ್ಕಳ ಪ್ರಗತಿಯನ್ನು ಅಳೆಯುವ ವಿಷಯ. ನೂರಕ್ಕೆ ಇಷ್ಟು ಎಂಬ ಅಂಕಗಳು ಅಲ್ಲಿರಲಿಲ್ಲ. ಅಕ್ಷರದ ಹಲಗೆಯಿಂದ ಕೈಬರಹದ ಪತ್ರದವರೆಗೆ ಓದನ್ನು ಪಾಠಗಳಾಗಿ ವಿಂಗಡಿಸಿದ್ದರು. ಪುಸ್ತಕದ ಪಾಠಗಳಲ್ಲಿ ಮೂರು ಹಂತಗಳು: ಓದುವಾಗ ಅನೇಕ ತಪ್ಪು ಮಾಡುವವರು ಆರಂಭದವರು, ಒಂದೆರಡು ತಪ್ಪು ಮಾತ್ರ ಮಾಡುವವರು ಮಧ್ಯದವರು, ಸಾಮಾನ್ಯವಾಗಿ ತಪ್ಪೇ ಮಾಡದವರು ಪೂರ್ಣರು. ಮಗು ಎಲ್ಲಿ ನಿಂತಿದೆಯೆಂದು ಶಿಕ್ಷಕನಿಗೂ, ಮಗುವಿಗೂ, ಅಕ್ಷರ ತಿಳಿಯದ ತಂದೆಗೂ ಅರ್ಥವಾಗುವಷ್ಟು ಸರಳವಾದ ಅಳತೆ.

ಮೇಲಿನ ಪಾಠಕ್ಕೆ ಹೋಗಲು ವರ್ಷದ ಕೊನೆಯವರೆಗೆ ಕಾಯಬೇಕಾಗಿರಲಿಲ್ಲ. ಪ್ರತಿ ತಿಂಗಳ ಕೊನೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ಯಾರು ಸಿದ್ಧರೆಂದು ಶಿಕ್ಷಕನು ಪಟ್ಟಿಯಲ್ಲಿ ಗುರುತಿಸುವನು. ಆದರೆ ಬಡ್ತಿಯ ನಿರ್ಣಯ ಅವನದಲ್ಲ, ಶಾಲೆಯ ಮೇಲ್ವಿಚಾರಕ ಸೋದರನದು. ಆತನು ಪ್ರತಿ ಬಾಲಕನನ್ನು ತಾನೇ ಓದಿಸಿ ನೋಡುವನು. ಸಮರ್ಥನಲ್ಲದವನನ್ನು ದಾಕ್ಷಿಣ್ಯಕ್ಕೆ ಏರಿಸುವುದೂ ಅನ್ಯಾಯ, ಸಮರ್ಥನನ್ನು ಅಲಕ್ಷ್ಯದಿಂದ ಕೆಳಗೇ ಉಳಿಸುವುದೂ ಅನ್ಯಾಯ. ಯಾವುದಾದರೊಂದು ಕಾರಣದಿಂದ ಜಾಣ ಬಾಲಕನನ್ನು ಅದೇ ಪಾಠದಲ್ಲಿ ಉಳಿಸಬೇಕಾದಾಗ, ಅವನ ಮನಸ್ಸಿಗೆ ನೋವಾಗದಂತೆ ತಿಳಿಹೇಳಿ ಒಪ್ಪಿಸಬೇಕಿತ್ತು.

ಶಿಕ್ಷಕರಿಗೆ ಇದು ಮೊದಮೊದಲು ಕಹಿಯಾಗಿರಬೇಕು. ತನ್ನ ತರಗತಿಯೊಳಗೆ ಇನ್ನೊಬ್ಬನು ಬಂದು ನೋಡುವುದನ್ನು ಯಾರು ತಾನೇ ಇಷ್ಟಪಡುತ್ತಾರೆ? ಆದರೆ ಆ ಮೇಲ್ವಿಚಾರಕನು ದೂರದಿಂದ ಬಂದ ಅಧಿಕಾರಿಯಲ್ಲ. ಅದೇ ಮನೆಯಲ್ಲಿ ವಾಸಿಸಿ, ಅದೇ ಪಂಕ್ತಿಯಲ್ಲಿ ಉಣ್ಣುವ ಸೋದರ. ಹೊಸ ಶಿಕ್ಷಕನ ಪಕ್ಕದಲ್ಲಿ ನಿಂತು ಅವನ ಕೆಲಸವನ್ನು ತಿದ್ದುವುದೂ ಇಂಥ ಅನುಭವಿಗಳ ಕರ್ತವ್ಯವಾಗಿತ್ತು. ತಪ್ಪು ಹುಡುಕಲು ಬರುವವನಿಗೂ ಹೊರೆ ಹಂಚಿಕೊಳ್ಳಲು ಬರುವವನಿಗೂ ಇರುವ ಅಂತರ ದೊಡ್ಡದು.

ದಾಖಲೆಗಳ ವಿಷಯದಲ್ಲಿ ಡಿ ಲಾ ಸಾಲ್ ಬಹಳ ಕಟ್ಟುನಿಟ್ಟು. ಶಾಲೆಗೆ ಸೇರುವಾಗ ಮಗುವಿನ ವಯಸ್ಸು, ವಾಸಸ್ಥಳ, ತಂದೆತಾಯಿಯರ ವಿವರ, ಹಿಂದೆ ಓದಿದ ಶಾಲೆಯನ್ನು ಬಿಟ್ಟ ಕಾರಣ ಇವೆಲ್ಲವೂ ಬರೆದಿರಬೇಕು. ಎಲ್ಲಕ್ಕಿಂತ ವಿಶೇಷವಾದುದು ವರ್ಷದ ಕೊನೆಯಲ್ಲಿ ಶಿಕ್ಷಕನು ಪ್ರತಿ ಬಾಲಕನ ಗುಣದೋಷಗಳನ್ನು ಕುರಿತು ಬರೆಯಬೇಕಾಗಿದ್ದ ಟಿಪ್ಪಣಿ. ಇವನ ಸ್ವಭಾವವೆಂಥದು, ಚಂಚಲನೇ ಮೊಂಡನೇ ಅಂಜುಕುಳಿಯೇ, ಯಾವ ಬಗೆಯ ಮಾತಿಗೆ ಒಲಿಯುತ್ತಾನೆ, ಶಿಕ್ಷೆಯಿಂದ ತಿದ್ದಿಕೊಳ್ಳುತ್ತಾನೆಯೇ ಕೆಡುತ್ತಾನೆಯೇ, ಮನೆಯಲ್ಲಿ ಅತಿ ಮುದ್ದೇ? ಈ ಟಿಪ್ಪಣಿ ಮುಖ್ಯಸ್ಥನ ಮೂಲಕ ಮುಂದಿನ ಶಿಕ್ಷಕನ ಕೈಸೇರುತ್ತಿತ್ತು. ಮಗುವನ್ನು ಅರಿಯದ ಹೊಸಬನು ಅವನನ್ನು ನೋಯಿಸದಿರಲೆಂಬುದೇ ಇದರ ಉದ್ದೇಶ.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಅಳೆಯುವುದು ಬೇರೆ, ಅರಿಯುವುದು ಬೇರೆ. ಒಂದು ಪಾಠದಲ್ಲಿ ಮಗು ಎಷ್ಟು ತಪ್ಪು ಮಾಡಿತೆಂದು ಎಣಿಸಬಹುದು. ಮಗುವನ್ನೇ ಎಣಿಕೆಗೆ ಇಳಿಸಲಾಗದು. ಮಗುವಿನ ಕೆಲಸಕ್ಕೆ ಬೆಲೆ ಕಟ್ಟುವಾಗ ಅದರ ಆತ್ಮಕ್ಕೆ ಬೆಲೆ ಕಟ್ಟುತ್ತಿದ್ದೇವೆಂದು ಭ್ರಮಿಸಿದರೆ ಅದು ದೊಡ್ಡ ಪ್ರಮಾದ. ಡಿ ಲಾ ಸಾಲ್ ಎರಡನ್ನೂ ಶಿಕ್ಷಕನಿಂದ ಕೇಳಿದರು, ಆದರೆ ಎರಡನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಬರೆಯಿಸಿದರು.

ಮಗು ಬಾರದಿದ್ದರೆ

ಗೈರುಹಾಜರಿಯ ವಿಚಾರದಲ್ಲಿ ಅವರ ದೃಷ್ಟಿ ಇನ್ನೂ ಸೂಕ್ಷ್ಮ. ಬಾಲಕ ಶಾಲೆ ತಪ್ಪಿಸಿದರೆ ಬಾಲಕನನ್ನು ದಂಡಿಸುವುದು ಸುಲಭ. ಅವರ ಗ್ರಂಥ ಮೊದಲು ಕಾರಣವನ್ನು ವಿಚಾರಿಸುತ್ತದೆ. ಕೆಲವರು ಚಂಚಲತೆಯಿಂದ ತಪ್ಪಿಸುತ್ತಾರೆ, ಕೆಲವರಿಗೆ ಶಾಲೆಯೆಂದರೆ ಬೇಸರ, ಕೆಲವರಿಗೆ ಶಿಕ್ಷಕನ ಮೇಲೆ ಪ್ರೀತಿಯಿಲ್ಲ, ಕೆಲವರು ನಿರುತ್ಸಾಹಗೊಂಡಿದ್ದಾರೆ. ಕೊನೆಯ ಕಾರಣಗಳಲ್ಲಿ ಶಿಕ್ಷಕನ ಪಾಲೂ ಇದೆಯೆಂದು ಅವರು ಸಂಕೋಚವಿಲ್ಲದೆ ಬರೆಯಿಸಿದರು. ತಂದೆತಾಯಿಯರು ಬಡತನದಿಂದ ಮಗುವನ್ನು ದುಡಿಮೆಗೆ ಎಳೆದರೆ, ಓದುಬರಹ ಬಲ್ಲವನಿಗೆ ಮುಂದೆ ಯಾವ ಕೆಲಸವೂ ಎಟುಕುವುದೆಂದು ಅವರಿಗೆ ತಿಳಿಹೇಳಬೇಕು. ಮಕ್ಕಳು ಬೆಳಗಿನ ಉಪಾಹಾರವನ್ನು ತರಗತಿಯಲ್ಲಿಯೇ ಸೇವಿಸುತ್ತಿದ್ದರು. ಇದ್ದವರು ಕೊಟ್ಟ ರೊಟ್ಟಿಯನ್ನು ಬುಟ್ಟಿಯಲ್ಲಿ ಕೂಡಿಸಿ ಇಲ್ಲದವರಿಗೆ ಹಂಚಲು ಒಬ್ಬ ಬಾಲಕನೇ ನೇಮಕಗೊಂಡಿದ್ದನು.

ಬೆತ್ತವನ್ನು ಅವರು ಪೂರ್ಣವಾಗಿ ತೆಗೆದುಹಾಕಲಿಲ್ಲ. ಅದು ಅವರ ಕಾಲದ ಮಿತಿ. ಆದರೆ ಕೈಯಿಂದ ಹೊಡೆಯುವುದನ್ನೂ ಕಾಲಿನಿಂದ ಒದೆಯುವುದನ್ನೂ ನಿಷೇಧಿಸಿದರು. ಶಿಕ್ಷೆ ಅಪರೂಪವಾಗಿರಬೇಕು, ನ್ಯಾಯವಾಗಿರಬೇಕು, ತಪ್ಪಿಗೆ ತಕ್ಕಷ್ಟಿರಬೇಕು, ಕೊಡುವವನ ಮನಸ್ಸು ಶಾಂತವಾಗಿರಬೇಕು. ಸಿಟ್ಟಿನಲ್ಲಿ ಕೊಟ್ಟದ್ದು ಶಿಕ್ಷೆಯಲ್ಲ. ಸೋದರರು ನಿಗದಿತ ಕಾಲಕ್ಕೆ ತಮ್ಮ ಕೆಲಸವನ್ನು ಕುರಿತು ಅವರಿಗೆ ಪತ್ರ ಬರೆಯಬೇಕಿತ್ತು. ಉಳಿದುಬಂದಿರುವ ಅವರ ಉತ್ತರಗಳಲ್ಲಿ, ತರಗತಿಯಲ್ಲಿ ಮಕ್ಕಳೆಷ್ಟು, ತಾಳ್ಮೆ ಕಳೆದುಕೊಂಡು ಹೊಡೆದದ್ದುಂಟೇ ಎಂಬಂಥ ವಿಚಾರಣೆಗಳು ಕಾಣುತ್ತವೆ. ಪೋಷಕರಿಂದ ಉಡುಗೊರೆ ಸ್ವೀಕರಿಸಬಾರದೆಂಬ ನಿಯಮವೂ ಇತ್ತು.

ಕಷ್ಟದ ದಿನಗಳು

ಈ ಕಾರ್ಯ ಹೂವಿನ ಹಾಸಿಗೆಯಾಗಿರಲಿಲ್ಲ. ಶುಲ್ಕ ಪಡೆದು ಬರವಣಿಗೆ ಕಲಿಸುತ್ತಿದ್ದ ಪ್ಯಾರಿಸಿನ ಲಿಪಿಕಾರ ಸಂಘದವರು ತಮ್ಮ ಜೀವನೋಪಾಯಕ್ಕೆ ಕುತ್ತು ಬಂದಿತೆಂದು ಮೊಕದ್ದಮೆಗಳನ್ನು ಹೂಡಿದರು. 1704ರಲ್ಲಿ ಡಿ ಲಾ ಸಾಲ್‌ರಿಗೆ ದಂಡವೂ ಬಿತ್ತು. ಅದಕ್ಕೂ ಮುಂಚೆ, 1690ರ ಸುಮಾರಿನಲ್ಲಿ, ರೀಮ್ಸ್‌ನ ಸೋದರರಲ್ಲಿ ಅರ್ಧದಷ್ಟು ಮಂದಿ ಬಿಟ್ಟುಹೋಗಿದ್ದರು. ತಮ್ಮ ಉತ್ತರಾಧಿಕಾರಿಯೆಂದು ಎಣಿಸಿ ಗುರುದೀಕ್ಷೆಗೆ ಸಿದ್ಧಪಡಿಸುತ್ತಿದ್ದ ಸೋದರ ಆನ್ರಿ ಲೂರೊ ಹಠಾತ್ತನೆ ತೀರಿಕೊಂಡಿದ್ದರು. 1691ರ ನವೆಂಬರ್ 21ರಂದು ಡಿ ಲಾ ಸಾಲ್ ತಮ್ಮ ಇಬ್ಬರು ಸಂಗಡಿಗರಾದ ನಿಕೋಲಾ ವುಯಾರ್ ಮತ್ತು ಗಾಬ್ರಿಯೇಲ್ ದ್ರೋಲಾನ್ ಜೊತೆಗೂಡಿ, ಭಿಕ್ಷೆ ಬೇಡಿ ಬರಿಯ ರೊಟ್ಟಿಯಿಂದ ಬದುಕಬೇಕಾಗಿ ಬಂದರೂ ಈ ಶಾಲೆಗಳನ್ನು ಕೈಬಿಡೆವೆಂದು ವ್ರತ ತೊಟ್ಟರು. 1694ರಲ್ಲಿ ಹನ್ನೆರಡು ಸೋದರರು ಅವರೊಡನೆ ಶಾಶ್ವತ ವ್ರತ ಕೈಗೊಂಡರು. ಸಂಸ್ಥೆಯಲ್ಲಿ ಗುರುದೀಕ್ಷೆ ಪಡೆದವರು ಇರಬಾರದು, ಎಲ್ಲರೂ ಶಿಕ್ಷಕ ಸೋದರರಾಗಿಯೇ ಇರಬೇಕೆಂಬ ನಿರ್ಣಯವೂ ಆಯಿತು. ಪಾಠ ಹೇಳುವುದು ಬೇರೊಂದು ಉನ್ನತ ಪದವಿಗೆ ಮೆಟ್ಟಿಲಲ್ಲ, ಅದೇ ಪೂರ್ಣ ದೈವಕರೆ ಎಂಬುದು ಅದರ ಅರ್ಥ.

ಶಿಸ್ತು ಮಿತಿಮೀರಿದರೆ ಏನಾಗುವುದೆಂಬ ಪಾಠವೂ ಅವರಿಗೆ ತಪ್ಪಲಿಲ್ಲ. ನವಶಿಷ್ಯರ ಮೇಲೆ ನೇಮಕಗೊಂಡಿದ್ದ ಸೋದರನ ಅತಿ ಕಠೋರತೆಯ ದೂರು ಪ್ಯಾರಿಸಿನ ಮಹಾಧರ್ಮಾಧ್ಯಕ್ಷರವರೆಗೆ ಹೋಯಿತು. 1702ರಲ್ಲಿ ಅವರು ಡಿ ಲಾ ಸಾಲ್‌ರ ಸ್ಥಾನಕ್ಕೆ ಬೇರೊಬ್ಬ ಗುರುವನ್ನು ನೇಮಿಸಿದರು. ಸೋದರರು ಹೊಸಬರನ್ನು ಒಪ್ಪದೆ ಪ್ರತಿಭಟಿಸಿದರು. ಡಿ ಲಾ ಸಾಲ್ ಮಾತ್ರ ತಮ್ಮ ಪರವಾಗಿ ವಾದಿಸಲಿಲ್ಲ. ಕೈಕೆಳಗಿನವನ ತಪ್ಪಿಗೆ ಮೇಲಿನವನು ಉತ್ತರಿಸಬೇಕೆಂಬುದನ್ನು ಅವರು ಮೌನವಾಗಿಯೇ ಒಪ್ಪಿಕೊಂಡಂತಿತ್ತು.

ತಾವೇ ಲೆಕ್ಕ ಒಪ್ಪಿಸಿದ ದಿನ

1712ರಲ್ಲಿ ಒಬ್ಬ ಯುವ ಗುರುವಿಗೆ ಸಂಬಂಧಿಸಿದ ಹಣದ ವ್ಯಾಜ್ಯದಲ್ಲಿ ಸಿಲುಕಿ, ಮನನೊಂದ ಡಿ ಲಾ ಸಾಲ್ ಪ್ಯಾರಿಸ್ ಬಿಟ್ಟು ದಕ್ಷಿಣ ಫ್ರಾನ್ಸಿಗೆ ಹೋದರು. ಅಲ್ಲಿಯೂ ಸೋಲುಗಳೇ ಎದುರಾದವು. ಮಾರ್ಸೇಯ್‌ನಲ್ಲಿ ತೆರೆದ ನವಶಿಷ್ಯಾಲಯ ನಿಲ್ಲಲಿಲ್ಲ. ತಮ್ಮ ಇರವೇ ಸಂಸ್ಥೆಗೆ ತೊಡಕೇನೋ ಎಂಬ ಶಂಕೆ ಅವರನ್ನು ಬಾಧಿಸಿತು. ಗ್ರೆನೋಬಲ್ ನಗರದಲ್ಲಿ ಒಬ್ಬ ಸೋದರನನ್ನು ಬೇರೆ ಕೆಲಸಕ್ಕೆ ಕಳುಹಿಸಿದಾಗ, ಅರವತ್ತು ದಾಟಿದ ಈ ದೈವಶಾಸ್ತ್ರಜ್ಞರು ಅವನ ತರಗತಿಗೆ ತಾವೇ ಹೋಗಿ ಪುಟ್ಟ ಮಕ್ಕಳಿಗೆ ಪಾಠ ಹೇಳಿದರು. ಇತರರಿಗೆ ವಿಧಿಸಿದ ನಿಯಮಗಳಿಗೆ ಆ ದಿನಗಳಲ್ಲಿ ಅವರೂ ಒಬ್ಬ ಸಾಮಾನ್ಯ ಶಿಕ್ಷಕರಾಗಿ ಒಳಪಟ್ಟರು.

ಇತ್ತ ಪ್ಯಾರಿಸಿನಲ್ಲಿ ಸಂಸ್ಥೆ ಒಡೆಯುವ ಅಪಾಯದಲ್ಲಿತ್ತು. 1714ರ ಏಪ್ರಿಲ್ 1ರಂದು ಅಲ್ಲಿನ ಪ್ರಮುಖ ಸೋದರರು ಕೂಡಿ ಅವರಿಗೊಂದು ಪತ್ರ ಬರೆದರು. ಅದು ಬಿನ್ನಹವಾಗಿರಲಿಲ್ಲ. ಅವರು ವಿಧೇಯತೆಯ ವ್ರತ ತೊಟ್ಟಿದ್ದ ಸಂಸ್ಥೆಯ ಹೆಸರಿನಲ್ಲಿ, ಕೂಡಲೇ ಮರಳಿ ಹೊಣೆಯನ್ನು ವಹಿಸಿಕೊಳ್ಳಬೇಕೆಂದು ಅದು ಆಜ್ಞಾಪಿಸಿತು. ಮೂವತ್ತು ವರ್ಷಗಳ ಹಿಂದೆ ಅವರ ಮೇಜಿನಲ್ಲಿ ಉಣ್ಣಲು ಅಂಜುತ್ತಿದ್ದಂಥ ಶಿಕ್ಷಕರ ಬಳಗ ಈಗ ಅವರನ್ನೇ ಕರ್ತವ್ಯಕ್ಕೆ ಕರೆಯುವಷ್ಟು ಬೆಳೆದಿತ್ತು. ಡಿ ಲಾ ಸಾಲ್ ವಿಧೇಯರಾದರು. ಆಗಸ್ಟ್ 10ರಂದು ಪ್ಯಾರಿಸಿನ ಮನೆಗೆ ಬಂದು ತಮ್ಮನ್ನು ಸೋದರರಿಗೆ ಒಪ್ಪಿಸಿಕೊಂಡರು. ಸ್ಥಾಪಕರೊಬ್ಬರ ಯಶಸ್ಸಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇರೆ ಬೇಕೆಂದು ನಮಗೆ ತೋರುವುದಿಲ್ಲ.

1717ರ ಮೇ ತಿಂಗಳಲ್ಲಿ ಸೋದರ ಬಾರ್ತಲೊಮೆ ಸಂಸ್ಥೆಯ ಮುಖ್ಯಸ್ಥರಾಗಿ ಆಯ್ಕೆಯಾದರು. ಡಿ ಲಾ ಸಾಲ್ ರುವಾನ್ ಬಳಿಯ ಸಂತ ಯೋನ್ ಮನೆಯಲ್ಲಿ ಅವರ ಅಧೀನರಾಗಿ ಉಳಿದರು. ಕೊನೆಯ ದಿನಗಳಲ್ಲಿಯೂ ಅವಮಾನ ತಪ್ಪಲಿಲ್ಲ. ಮರಣಕ್ಕೆ ಕೆಲವೇ ದಿನ ಮುಂಚೆ ಧರ್ಮಪ್ರಾಂತ್ಯದ ಅಧಿಕಾರಿಗಳು ಅವರ ಗುರುಸೇವೆಯ ಅನುಮತಿಯನ್ನು ಹಿಂತೆಗೆದುಕೊಂಡರು. 1719ರ ಏಪ್ರಿಲ್ 7, ಶುಭ ಶುಕ್ರವಾರದಂದು, ಅರವತ್ತೇಳರ ಪ್ರಾಯದಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಆಗ ಸೋದರರ ಸಂಖ್ಯೆ ಸುಮಾರು ನೂರು. ಪೋಪ್ 13ನೇ ಬೆನೆಡಿಕ್ಟರು 1725ರಲ್ಲಿ ಸಂಸ್ಥೆಗೆ ಮಾನ್ಯತೆ ನೀಡಿದರು. 13ನೇ ಲಿಯೋರವರು 1900ರ ಮೇ 24ರಂದು ಡಿ ಲಾ ಸಾಲ್‌ರನ್ನು ಸಂತ ಪದವಿಗೇರಿಸಿದರು. 12ನೇ ಪಿಯೂಸರು 1950ರಲ್ಲಿ ಅವರನ್ನು ಎಲ್ಲ ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿದರು.

ನಮ್ಮ ಪಾಲಿನ ಪ್ರಶ್ನೆ

ಶಿಕ್ಷಕರ ಧ್ಯಾನಕೂಟಕ್ಕಾಗಿ ಡಿ ಲಾ ಸಾಲ್ ಬರೆದ ಹದಿನಾರು ಧ್ಯಾನಗಳಿವೆ. ಅವುಗಳಲ್ಲಿ ಎರಡರ ವಿಷಯ, ಶಿಕ್ಷಕನು ತನ್ನ ಮಕ್ಕಳನ್ನು ಕುರಿತು ದೇವರಿಗೆ ಒಪ್ಪಿಸಬೇಕಾದ ಲೆಕ್ಕ. ಅವರ ಕಣ್ಣಿನಲ್ಲಿ ಶಿಕ್ಷಕನ ಮೇಲಿನ ಅತ್ಯುನ್ನತ ಪರೀಕ್ಷಕ ಮೇಲಧಿಕಾರಿಯಲ್ಲ, ಮಗುವನ್ನು ಅವನ ಕೈಗೆ ಒಪ್ಪಿಸಿದ ಪ್ರಭು. ಈ ನಂಬಿಕೆಯಿಲ್ಲದ ದಾಖಲೆಗಳು ಕಾಗದದ ಹೊರೆಯಾಗುತ್ತವೆ. ಈ ನಂಬಿಕೆಯಿದ್ದಲ್ಲಿ ಹಾಜರಿ ಪುಸ್ತಕವೂ ಒಂದು ಪ್ರಾ‌ರ್ಥನೆಯಾಗಬಲ್ಲುದು.

ಹೊಸ ಕ್ರಮಗಳನ್ನು ಜಾರಿಗೆ ತರುವ ಆಡಳಿತದವರು, ಅದರಲ್ಲಿಯೂ ಶಾಲೆಗಳನ್ನು ನಡೆಸುವ ನಮ್ಮಂಥ ಧರ್ಮಗುರುಗಳು, ಮೊದಲು ಕೇಳಿಕೊಳ್ಳಬೇಕಾದುದು ಅಂದಿನ ಬಡ ಶಿಕ್ಷಕರ ಪ್ರಶ್ನೆಯನ್ನೇ: ಶಿಕ್ಷಕರಿಂದ ನಾವು ಬೇಡುವ ತ್ಯಾಗದಲ್ಲಿ ನಮ್ಮ ಪಾಲೆಷ್ಟು? ಅವರ ಸಂಬಳ, ಅವರ ದಣಿವು, ಅವರ ಭವಿಷ್ಯದ ಚಿಂತೆ ನಮ್ಮದೂ ಆಗಿದೆಯೇ? ಶಿಕ್ಷಕರು ಕೇಳಿಕೊಳ್ಳಬೇಕಾದುದು ಇನ್ನೊಂದು: ಅಂಕಪಟ್ಟಿ ತುಂಬಿದ ನಮ್ಮ ಕೈ, ಹಿಂದಿನ ಬೆಂಚಿನ ಮಗುವಿನ ಸ್ವಭಾವವನ್ನು ಕುರಿತು ನಾಲ್ಕು ಸಾಲು ಬರೆಯಬಲ್ಲುದೇ? ತಂದೆತಾಯಿಯರಿಗೂ ಒಂದು ಮಾತಿದೆ. ಈ ತಿಂಗಳು ನಿಮ್ಮ ಸಹಿಗಾಗಿ ಬರುವ ಪ್ರಗತಿ ಪತ್ರದಲ್ಲಿ ಮಗುವಿನ ಒಂದು ವರ್ಷದ ಕೆಲಸ ಮಾತ್ರವೇ ಇದೆ. ಸಹಿ ಮಾಡುವ ಮುನ್ನ ಮಗುವನ್ನು ಹತ್ತಿರ ಕುಳ್ಳಿರಿಸಿಕೊಂಡು, ಯಾವ ಪಾಠ ಕಷ್ಟವಾಯಿತು, ಏಕೆ ಕಷ್ಟವಾಯಿತು ಎಂದು ವಿಚಾರಿಸಿರಿ. ಅದರ ಉತ್ತರವನ್ನು ಶಿಕ್ಷಕರಿಗೂ ತಿಳಿಸಿರಿ. ಸಂತ ಡಿ ಲಾ ಸಾಲ್‌ರ ಹಬ್ಬವನ್ನು ಆಚರಿಸಲು ಅದೊಂದು ಒಳ್ಳೆಯ ಬಗೆ.